ಮೆಟ್ಟಿಲ ಮೇಲಿನ ಗಾಲಂ

ಪ್ರೀತಿಯ ಪುಟ್ಟಿ,

“ಮೂರೂ ಸಿನಿಮಾ ನೋಡಾಯ್ತಲ್ಲಪ್ಪಾ, ಇನ್ನು ಆ ಸಾವಿರ ಪುಟ ಯಾಕೆ ಓದ್ಬೇಕು?” ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಬಸ್ಸಿನ ಗಲಾಟೆಯಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ನಿಧಾನದ ಪುಸ್ತಕ, ಒಪ್ಪಿದೆ. ಹೆಸರುಗಳ ಕಾಟ ಬೇರೆ, ನಡುನಡುವೆ ಹಾಡುಗಳು. ಟಾಮ್ ಬೊಂಬಡಿಲ್ ಬರುವ ಕಡೆ ಬೇಜಾರಾದರೆ ಹಾರಿಸಿಬಿಡು, ನನ್ನದೇನೂ ತಕರಾರಿಲ್ಲ. ಕಿರಿತ್ ಉಂಗೊಲ್ ಮೆಟ್ಟಿಲುಗಳ ಅಧ್ಯಾಯವನ್ನು ಮಾತ್ರ ಬಿಡಬೇಡ. ಕೇಡಿನ ಉಂಗುರವನ್ನು ಬೆಂಕಿಗೆ ಹಾಕಲು ಹೊರಟ ಫ್ರೋಡೋ, ಅವನ ಆಳು ಸ್ಯಾಮ್, ದಾರಿ ತೋರಿಸುತ್ತಲೇ ಆ ಉಂಗುರಕ್ಕೆ ಹೊಂಚುಹಾಕುವ ಗಾಲಂ, ಮೂವರೂ ಹತ್ತುವ ಮೆಟ್ಟಿಲುಗಳು ಅವು.

ಸಿನಿಮಾದಲ್ಲಿ ಗಾಲಂ ಅಲ್ಲಿ ರೊಟ್ಟಿಯ ಚೂರು ಉದುರಿಸಿ ಚಾಡಿ ಹೇಳುತ್ತಾನೆ, ಫ್ರೋಡೋ ಸ್ಯಾಮ್‌ನನ್ನು ಮನೆಗೆ ಹೋಗೆನ್ನುತ್ತಾನೆ. ಪುಸ್ತಕದಲ್ಲಿ ಇದು ನಡೆಯುವುದೇ ಇಲ್ಲ. ಅಲ್ಲಿ ಇಬ್ಬರೂ ದಣಿದು ನಿದ್ದೆ ಹೋಗಿದ್ದಾರೆ, ಸ್ಯಾಮ್‌ನ ತೊಡೆಯ ಮೇಲೆ ಫ್ರೋಡೋನ ತಲೆ. ಇವರಿಗೆ ಬಲೆ ಬೀಸಲು ಹೋಗಿದ್ದ ಗಾಲಂ ವಾಪಸು ಬಂದು ನಿಂತು ನೋಡುತ್ತಾನೆ. ಕಣ್ಣಿನ ಕಪಟ ಆರಿಹೋಗಿ, ನೆಂಟರು ಗೆಳೆಯರೆಲ್ಲ ಕಳೆದುಹೋದ ಮೇಲೂ ಬದುಕುಳಿದ ಒಬ್ಬ ಮುದುಕನ ಹಾಗೆ ಕಾಣುತ್ತಾನೆ. ನಡುಗುವ ಕೈ ಚಾಚಿ ಫ್ರೋಡೋನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ. ಅಷ್ಟರಲ್ಲಿ ಸ್ಯಾಮ್‌ಗೆ ಎಚ್ಚರವಾಗುತ್ತದೆ. ಎಲ್ಲಿಗೆ ನುಸುಳಿದ್ದೆಯೋ ಕಳ್ಳ ಎಂಬ ಧಾಟಿಯಲ್ಲಿ ಗದರುತ್ತಾನೆ. ಗಾಲಂನ ಕಣ್ಣಲ್ಲಿ ಮತ್ತೆ ಹಸಿರು ಮಿಂಚು. ಆಮೇಲೆ ಅವನು ಅವರನ್ನು ಕರೆದೊಯ್ಯುವುದು ದೈತ್ಯ ಜೇಡದ ಗುಹೆಗೆ.

ಒಂದು ಒರಟು ಮಾತು, ಅದೂ ಇಡೀ ಕಥೆಯಲ್ಲಿ ಅತ್ಯಂತ ಒಳ್ಳೆಯವನ ಬಾಯಿಂದ, ಅದೂ ಯಜಮಾನನ ಮೇಲಿನ ಪ್ರೀತಿಗಾಗಿ! ಯಾರನ್ನು ದೂರುತ್ತೀ ಹೇಳು.

1944ರಲ್ಲಿ ಟೋಲ್ಕಿನ್ ಅವರ ಮಗ ಕ್ರಿಸ್ಟೋಫರ್ ವಾಯುಪಡೆಯ ತರಬೇತಿಗೆಂದು ದಕ್ಷಿಣ ಆಫ್ರಿಕಾದಲ್ಲಿದ್ದ. ಬರೆದ ಅಧ್ಯಾಯಗಳನ್ನು ಅಪ್ಪ ಅವನಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ತಮ್ಮನ್ನೇ ತುಂಬಾ ಕಲಕುವ ಜಾಗಗಳಲ್ಲಿ ಈ ಮೆಟ್ಟಿಲ ದೃಶ್ಯವೂ ಒಂದೆಂದು ಅವನಿಗೇ ಬರೆದಿದ್ದಾರೆ. ಅವರೂ 1916ರಲ್ಲಿ ಸೋಮ್ ಯುದ್ಧದ ಕಂದಕಗಳಲ್ಲಿದ್ದವರು. ಅಲ್ಲಿ ಕಂಡ ಸಾಮಾನ್ಯ ಸಿಪಾಯಿಗಳ ನೆರಳೇ ಸ್ಯಾಮ್.

ಇನ್ನೊಂದು ತಮಾಷೆ ನೋಡು. ಪುಸ್ತಕದ ಹೆಸರೇ ಯಾರದೋ, ಉಂಗುರದ ಒಡೆಯನಾದ ಆ ದುಷ್ಟ ಸೌರಾನ್ ಕಥೆಯೊಳಗೆ ಎದುರಿಗೆ ಬರುವುದೇ ಇಲ್ಲ. ಅವನ ದಂಡು, ಕೋಟೆಗಳೆಲ್ಲ ನನಗೆ ಅರ್ಧಂಬರ್ಧ ನೆನಪು. ಹಸಿ ಮೀನು ತಿನ್ನುವ, ತನ್ನ ಜೊತೆ ತಾನೇ ಜಗಳವಾಡುವ ಗಾಲಂ ಮಾತ್ರ ಮರೆಯುವುದಿಲ್ಲ. ಕೊನೆಗೆ ಬೆಂಕಿಯ ಅಂಚಿನಲ್ಲಿ ನಿಂತು ಫ್ರೋಡೋ ಉಂಗುರ ನನ್ನದು ಎಂದುಬಿಡುತ್ತಾನಲ್ಲ, ಅಲ್ಲಿ ನಾಯಕ ಸೋತೇಹೋದ. ಕೆಲಸ ಮುಗಿಸುವುದು ಗಾಲಂನ ಹಲ್ಲು: ಬೆರಳ ಸಮೇತ ಉಂಗುರವನ್ನು ಕಚ್ಚಿ ಕಿತ್ತುಕೊಂಡು, ಅದರ ಜೊತೆಗೇ ಬೆಂಕಿಗೆ ಬೀಳುತ್ತಾನೆ. ಅವನನ್ನು ಕೊಲ್ಲುವ ಅವಕಾಶವಿದ್ದಾಗ ಮೊದಲು ಫ್ರೋಡೋನ ಹಿರಿಯ ನೆಂಟ ಬಿಲ್ಬೋ, ಆಮೇಲೆ ಫ್ರೋಡೋ, ಕಡೆಗೆ ಆ ಬೆಂಕಿಬೆಟ್ಟದ ಮೇಲೆ ಸ್ಯಾಮ್ ಕೂಡ ಬಿಟ್ಟುಬಿಟ್ಟಿದ್ದರಿಂದಲೇ ಅವನು ಅಲ್ಲಿಯವರೆಗೆ ಬದುಕಿದ್ದ.

ಪಂಪನ ನಾಯಕ ಅರ್ಜುನ, ಆದರೂ ನೆನೆಯುವುದಾದರೆ ಕರ್ಣನನ್ನು ನೆನೆ ಅಂದವನೂ ಪಂಪನೇ. ಗಾಲಂ ಕರ್ಣನಲ್ಲ ಬಿಡು, ಕೊಡುವ ಕೈಯೇ ಅವನಿಗಿಲ್ಲ!

ಸಿನಿಮಾ ನೋಡಿದವಳು ನೀನು, ಎರಡನೇ ಸಂಪುಟದ ಉತ್ತರಾರ್ಧದಿಂದ ಶುರುಮಾಡಿದರೂ ದಾರಿ ತಪ್ಪುವುದಿಲ್ಲ. ಪುಸ್ತಕದ ಭಕ್ತರು ಬೈದಾರು, ಬೈಯಲಿ. ಅಮ್ಮ ಕಳಿಸುವ ಚಕ್ಕುಲಿ ಡಬ್ಬಿಯ ಜೊತೆ ಅದನ್ನೂ ಇಟ್ಟಿದ್ದೇನೆ. ಎಣ್ಣೆ ಕೈಯಲ್ಲಿ ಮುಟ್ಟಬೇಡ.

ಇಂತಿ,
ನಿನ್ನ ಅಪ್ಪ