ಬಾಗಿಲು ಹಾಕಿದ ಕ್ಲಬ್‌ಗಳ ಸ್ಟ್ರೈಕರ್

ಪ್ರಿಯ ರಾಘು,

ನಿಮ್ಮ ಕಾನ್ಸಾಸ್ ಸಿಟಿಯ ಫುಟ್‌ಬಾಲ್ ತಂಡದಲ್ಲಿ ಒಬ್ಬ ಭಾರತೀಯನಿದ್ದ ಎಂದು ನಿನ್ನ ಸಹೋದ್ಯೋಗಿ ಹೇಳಿದ್ದಾಗಿ ಬರೆದಿದ್ದೀಯ, ಅದು ಸರಿ. ಆ ಭಾರತೀಯ ಬೇರೆ ಯಾರೂ ಅಲ್ಲ, ನಮ್ಮ ದೇಶದ ತಂಡದ ಸ್ಟ್ರೈಕರ್ ಆಗಿದ್ದ ಸುನಿಲ್ ಚೆಟ್ರಿಯೇ. ಅದು 2010ರ ಮಾತು, ಆಗ ಆ ತಂಡಕ್ಕೆ ಕಾನ್ಸಾಸ್ ಸಿಟಿ ವಿಜರ್ಡ್ಸ್ ಎಂಬ ಹೆಸರಿತ್ತು. ನಿನ್ನ ಸಹೋದ್ಯೋಗಿಗೆ ಇದು ನೆನಪಿರುವುದೇ ಆಶ್ಚರ್ಯ. ಏಕೆಂದರೆ ಅಲ್ಲಿನ ಲೀಗ್‌ನಲ್ಲಿ ಚೆಟ್ರಿಗೆ ಒಂದೇ ಒಂದು ಪಂದ್ಯವೂ ಸಿಗಲಿಲ್ಲ. ಕೊಲರಾಡೊ ರ‍್ಯಾಪಿಡ್ಸ್ ವಿರುದ್ಧ ಯುಎಸ್ ಓಪನ್ ಕಪ್‌ನ ಅರ್ಹತಾ ಪಂದ್ಯವೊಂದನ್ನು ಆಡಿದ. ಜುಲೈನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಂದಾಗ ಬದಲಿ ಆಟಗಾರನಾಗಿ ಸ್ವಲ್ಪ ಹೊತ್ತು ಮೈದಾನದಲ್ಲಿದ್ದ. ಆ ಸೌಹಾರ್ದ ಪಂದ್ಯವನ್ನು ವಿಜರ್ಡ್ಸ್ 2-1ರಿಂದ ಗೆದ್ದಿತ್ತು. ಅಮೆರಿಕದ ಕಥೆ ಅಲ್ಲಿಗೆ ಮುಗಿಯಿತು.

ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ನೀನು ಕೊನೆಯಲ್ಲಿ ಸೇರಿಸಿದ ಸಾಲು ನನ್ನನ್ನು ಕೆಣಕಿತು: ‘ಹದಿನೈದು ವರ್ಷಕ್ಕೆ ಹತ್ತು ಕ್ಲಬ್ ಸುತ್ತಿದವನು, ಎಲ್ಲಿಯೂ ನೆಲೆ ನಿಲ್ಲದವನು.’ ಎಣಿಕೆ ಸರಿಯಾಗಿದೆ, ತೀರ್ಪು ಸರಿಯಿಲ್ಲ.

ಮೊದಲಿನಿಂದ ಹೇಳುತ್ತೇನೆ, ಕೇಳು. ಚೆಟ್ರಿಯ ಅಪ್ಪ ಸೈನ್ಯದಲ್ಲಿದ್ದವರು. ಅಮ್ಮ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ಹುಟ್ಟಿದ್ದು ಸಿಕಂದರಾಬಾದಿನಲ್ಲಿ, 1984ರಲ್ಲಿ. ದೆಹಲಿಯಲ್ಲಿ ಆಡುತ್ತಿದ್ದ ಹುಡುಗನನ್ನು 2002ರಲ್ಲಿ ಮೋಹನ್ ಬಾಗಾನ್ ಕೋಲ್ಕತ್ತಕ್ಕೆ ಕರೆಸಿಕೊಂಡಿತು. ಅಲ್ಲಿ ಕೋಚ್ ಆಗಿದ್ದ ಸುಬ್ರತ ಭಟ್ಟಾಚಾರ್ಯ ಹದಿನೈದು ವರ್ಷಗಳ ನಂತರ ಅವನ ಮಾವನೂ ಆದರು. ಬಾಗಾನ್‌ನಲ್ಲಿ ಮೂರು ವರ್ಷ ಕಳೆದ ಬಳಿಕ ಪಂಜಾಬಿನ ಫಗ್ವಾಡಾಕ್ಕೆ, ಜೆಸಿಟಿಗೆ ಹೋದ. ಅದು ಜವಳಿ ಗಿರಣಿಯವರು 1971ರಲ್ಲಿ ಕಟ್ಟಿದ ತಂಡ. ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಅದೇ. ಚೆಟ್ರಿ ಚೆಟ್ರಿಯಾದದ್ದು ಅಲ್ಲಿ ಎಂದು ನನ್ನ ಅನಿಸಿಕೆ. ಅಲ್ಲಿದ್ದಾಗಲೇ, 2007ರಲ್ಲಿ, ದೇಶದ ವರ್ಷದ ಆಟಗಾರ ಎನಿಸಿಕೊಂಡ. ಆಮೇಲೆ ಈಸ್ಟ್ ಬೆಂಗಾಲ್, ಗೋವಾದ ಡೆಂಪೊ, ನಿಮ್ಮ ಕಾನ್ಸಾಸ್, ಕೋಲ್ಕತ್ತದ ಚಿರಾಗ್ ಯುನೈಟೆಡ್, ಮತ್ತೊಮ್ಮೆ ಮೋಹನ್ ಬಾಗಾನ್, ಪೋರ್ಚುಗಲ್‌ನ ಸ್ಪೋರ್ಟಿಂಗ್, ಅಲ್ಲಿಂದ ಎರವಲಿನ ಮೇಲೆ ಗೋವಾದ ಚರ್ಚಿಲ್ ಬ್ರದರ್ಸ್.

ಈಗ ಈ ಕ್ಲಬ್‌ಗಳ ಗತಿ ಏನಾಯಿತು ನೋಡು. ಜೆಸಿಟಿ 2011ರಲ್ಲಿ ಫುಟ್‌ಬಾಲ್ ತಂಡವನ್ನೇ ಮುಚ್ಚಿತು. ಚಿರಾಗ್ ಯುನೈಟೆಡ್ ಪ್ರಾಯೋಜಕರು ಬದಲಾದಂತೆ ಪ್ರಯಾಗ್ ಯುನೈಟೆಡ್ ಆಯಿತು, ಆಮೇಲೆ ಬರಿಯ ಯುನೈಟೆಡ್ ಆಯಿತು. 2014ರಲ್ಲಿ ಪರವಾನಗಿ ನಿಯಮ ಪೂರೈಸದ ಕಾರಣಕ್ಕೆ ಚರ್ಚಿಲ್ ಜತೆಗೆ ಅದನ್ನೂ ಐ-ಲೀಗ್‌ನಿಂದ, ಅಂದರೆ ಆಗಿನ ರಾಷ್ಟ್ರೀಯ ಲೀಗ್‌ನಿಂದ, ಹೊರಗಿಟ್ಟರು. ಚರ್ಚಿಲ್ ಹೇಗೋ ಮರಳಿ ಬಂತು. ಡೆಂಪೊ 2016ರಲ್ಲಿ ತಾನೇ ಹೊರನಡೆಯಿತು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಮೇಲೆ, ಐ-ಲೀಗ್ ಕೆಳಗೆ ಎಂಬ ಹೊಸ ಲೆಕ್ಕ ಗೋವಾದವರಿಗೆ ಒಪ್ಪಿಗೆಯಾಗಲಿಲ್ಲ. ಶತಮಾನ ದಾಟಿದ ಮೋಹನ್ ಬಾಗಾನ್ ಕೂಡ 2020ರಲ್ಲಿ ಎಟಿಕೆ ಎಂಬ ಆರೇಳು ವರ್ಷದ ಕೂಸಿನ ಜತೆ ಸೇರಿಕೊಳ್ಳಬೇಕಾಯಿತು. ಇವೆಲ್ಲ ಆದದ್ದು ಚೆಟ್ರಿ ಬಿಟ್ಟ ಮೇಲೆ, ಒಪ್ಪುತ್ತೇನೆ. ಯಾವುದೂ ಅವನನ್ನು ಕತ್ತು ಹಿಡಿದು ದಬ್ಬಲಿಲ್ಲ. ಆದರೆ ಗೋಡೆ ಬಿರುಕು ಬಿಟ್ಟ ಬಾಡಿಗೆ ಮನೆಯನ್ನು ಖಾಲಿ ಮಾಡಿದವನನ್ನು ಅಲೆಮಾರಿ ಎನ್ನುತ್ತೀಯಾ?

ಇನ್ನೊಂದು ವಿಷಯ ನೀನು ವಿಕಿಪೀಡಿಯಾದಲ್ಲಿ ನೋಡಿದ ಅಂಕಿಸಂಖ್ಯೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಭಾರತದ ಕ್ಲಬ್‌ಗಳು ಗೋಲು ಹೊಡೆಯುವ ಕೆಲಸವನ್ನು ಯಾವಾಗಲೂ ವಿದೇಶಿಯರಿಗೇ ಕೊಟ್ಟಿವೆ. ಸ್ಟ್ರೈಕರ್ ಎಂದರೆ ಬ್ರೆಜಿಲ್‌ನವನು, ಇಲ್ಲವೇ ನೈಜೀರಿಯಾದವನು. ಮೋಹನ್ ಬಾಗಾನ್‌ನಲ್ಲಿ ಬರೇಟೊ, ಡೆಂಪೊದಲ್ಲಿ ರಾಂಟಿ ಮಾರ್ಟಿನ್ಸ್, ಎರಡನೆಯ ಸಲ ಬಾಗಾನ್‌ಗೆ ಹೋದಾಗ ಒಡಾಫಾ ಒಕೊಲಿ, ಮುಂದೆ ಬೆಂಗಳೂರಿನಲ್ಲೂ ವೆನೆಜುವೆಲಾದ ಮಿಕು. ಹೋದಲ್ಲೆಲ್ಲ ನಟ್ಟನಡುವಿನ ಜಾಗದಲ್ಲಿ ಬೇರೆ ಯಾರೋ ನಿಂತಿರುತ್ತಿದ್ದರು. ಐದೂವರೆ ಅಡಿಯ ಆಸುಪಾಸಿನ ಈ ಮನುಷ್ಯ ಎಡಕ್ಕೆ ಸರಿದು ಆಡಿದ, ಹಿಂದೆ ಸರಿದು ಆಡಿದ. ಅಲ್ಲಿಂದಲೇ ಒಳನುಗ್ಗಿ ಗೋಲು ಹೊಡೆದ. ದೇಶದ ತಂಡದಲ್ಲಿ ಮಾತ್ರ ವಿದೇಶಿಯರ ಪೈಪೋಟಿ ಇರಲಿಲ್ಲ. ಅಲ್ಲಿ ಅವನೇ ಸ್ಟ್ರೈಕರ್. ಅವನ ನಂತರ ಆ ಜಾಗಕ್ಕೆ ಯಾರು ಎಂದು ಈಗ ಎಲ್ಲರೂ ತಲೆ ಕೆರೆದುಕೊಳ್ಳುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕ್ಲಬ್‌ಗಳು ಬೆಳೆಸದ ಪೈರು ದೇಶದ ತಂಡಕ್ಕೆ ಎಲ್ಲಿಂದ ಬರಬೇಕು?

ವಿದೇಶದ ಪ್ರಯತ್ನಗಳ ಬಗ್ಗೆಯೂ ಕೇಳಿದ್ದೀಯ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜತೆ ಒಪ್ಪಂದವಾಗಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಆಟಗಾರನ ದೇಶ ಫಿಫಾ ಶ್ರೇಯಾಂಕದಲ್ಲಿ ಮೊದಲ ಎಪ್ಪತ್ತರೊಳಗೆ ಇರಬೇಕೆಂಬ ನಿಯಮ. ನಾವು ಅದರ ಹತ್ತಿರಕ್ಕೂ ಇರಲಿಲ್ಲ. ಅವನ ಕಾಲಿಗೆ ಸಿಕ್ಕ ಅವಕಾಶ ದೇಶದ ಶ್ರೇಯಾಂಕದಿಂದ ತಪ್ಪಿತು. ಲಿಸ್ಬನ್‌ನ ಕಥೆ ಬೇರೆ. 2012ರಲ್ಲಿ ಸ್ಪೋರ್ಟಿಂಗ್ ಸೇರಿದವನನ್ನು ಅಲ್ಲಿನ ಬಿ ತಂಡಕ್ಕೆ ಕಳಿಸಿದರು. ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯ, ಅವೂ ಬದಲಿಯಾಗಿ ಕೆಲವೇ ನಿಮಿಷ. ಮೊದಲ ತಂಡಕ್ಕೆ ನೀನು ಸಾಲುವುದಿಲ್ಲ ಎಂದು ಅಲ್ಲಿನ ಕೋಚ್ ಮುಖಕ್ಕೇ ಹೇಳಿದ್ದನ್ನು ಚೆಟ್ರಿ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ನಮ್ಮಲ್ಲಿ ಎಷ್ಟು ಜನ ತಾರೆಯರು ಇದನ್ನು ಬಾಯಿಬಿಟ್ಟು ಹೇಳಿಯಾರು? ಅಲ್ಲಿಂದ ಚರ್ಚಿಲ್‌ಗೆ ಬಂದವನೇ ಅದೇ ಋತುವಿನಲ್ಲಿ ಐ-ಲೀಗ್ ಗೆದ್ದ ತಂಡದಲ್ಲಿದ್ದ.

ಆಮೇಲೆ ನಮ್ಮೂರು.

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ, ಆಸ್ಟಿನ್ ಟೌನ್ ಹುಡುಗರ ಆಟ ನೋಡಿ ಬೆಳೆದ ನಿನಗೆ ನಾನು ಹೇಳಬೇಕಿಲ್ಲ. ನಮ್ಮ ಅಹ್ಮದ್ ಖಾನ್ ಇಲ್ಲಿಂದ ಹೋಗಿ ಈಸ್ಟ್ ಬೆಂಗಾಲ್‌ನಲ್ಲಿ ‘ಪಂಚಪಾಂಡವರು’ ಎಂದೇ ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಆದರೆ ದಾರಿ ಯಾವಾಗಲೂ ಇಲ್ಲಿಂದ ಅಲ್ಲಿಗೆ. ಇಲ್ಲಿ ಉಳಿದದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು. ಎಚ್‌ಎಎಲ್ ಕೂಡ 2012ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷ ಜೆಎಸ್‌ಡಬ್ಲ್ಯುನವರು ಬೆಂಗಳೂರು ಎಫ್‌ಸಿ ಕಟ್ಟಿದರು. ಅಭಿಮಾನಿಗಳೇ ಇಲ್ಲದ, ಇತಿಹಾಸವೇ ಇಲ್ಲದ ತಂಡಕ್ಕೆ ನಾಯಕನಾಗಿ ಬಂದಾಗ ಚೆಟ್ರಿಗೆ ಇಪ್ಪತ್ತೊಂಬತ್ತು ವರ್ಷ. ಸ್ಟ್ರೈಕರ್‌ಗಳು ಇಳಿಮುಖವಾಗುವ ವಯಸ್ಸು. ಆ್ಯಶ್ಲಿ ವೆಸ್ಟ್‌ವುಡ್ ಕೋಚ್. ಮೊದಲ ಋತುವಿನಲ್ಲೇ ಲೀಗ್ ಗೆದ್ದರು. ಪ್ರಶಸ್ತಿ ಖಚಿತವಾದದ್ದು ಗೋವಾದಲ್ಲಿ, ಅವನ ಹಳೆಯ ಡೆಂಪೊವನ್ನು 4-2ರಿಂದ ಸೋಲಿಸಿದಾಗ.

2016ರ ಅಕ್ಟೋಬರ್ 19ರ ಬಗ್ಗೆ ಸ್ವಲ್ಪ ಬರೆಯಲೇಬೇಕು. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯ, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್. ಮಲೇಷ್ಯಾದಲ್ಲಿ 1-1 ಆಗಿತ್ತು. ಕಂಠೀರವದಲ್ಲಿ ಮೊದಲು ಗೋಲು ಹೊಡೆದವರೂ ಅವರೇ. ವಿರಾಮಕ್ಕೆ ಸ್ವಲ್ಪ ಮುಂಚೆ ಚೆಟ್ರಿ ತಲೆಯಿಂದ ಸಮ ಮಾಡಿದ. ಎರಡನೆಯದು ದೂರದಿಂದ ಬಿಟ್ಟ ಹೊಡೆತ. ಗೋಲ್‌ಕೀಪರ್ ಹಾರಿದ, ಅಷ್ಟೇ. ಮೂರನೆಯದನ್ನು ಹುವಾನನ್ ಹೊಡೆದ. ಭಾರತದ ಕ್ಲಬ್ಬೊಂದು ಆ ಕಪ್‌ನ ಫೈನಲ್ ತಲುಪಿದ್ದು ಅದೇ ಮೊದಲು. ನಮ್ಮ ತಂಡದ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗರು ಅಂದು ಎಬ್ಬಿಸಿದ ಗದ್ದಲ ಕಸ್ತೂರಬಾ ರಸ್ತೆಗೂ ಕೇಳಿಸಿರಬೇಕು. ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ತಂಡದೆದುರು 0-1ರಿಂದ ಸೋತರು. ಆ ಸೋಲಿನ ಬಗ್ಗೆ ಈಗಲೂ ನನಗೆ ಮಾತನಾಡಲು ಇಷ್ಟವಿಲ್ಲ.

ನಡುವೆ 2015ರಲ್ಲಿ ಐಎಸ್‌ಎಲ್‌ಗಾಗಿ ಮುಂಬೈ ಸಿಟಿ ಅವನನ್ನು ಹರಾಜಿನಲ್ಲಿ 1.2 ಕೋಟಿ ರೂಪಾಯಿಗೆ ಕೊಂಡಿತು. ಅಲ್ಲಿ ಹ್ಯಾಟ್ರಿಕ್ ಹೊಡೆದು, ಆ ಲೀಗ್‌ನಲ್ಲಿ ಅದನ್ನು ಸಾಧಿಸಿದ ಮೊದಲ ಭಾರತೀಯನಾದ. 2017ರಲ್ಲಿ ಬೆಂಗಳೂರೇ ಐಎಸ್‌ಎಲ್‌ಗೆ ಹೋದ ಮೇಲೆ ಆ ಓಡಾಟವೂ ನಿಂತಿತು. 2019ರಲ್ಲಿ ಬೆಂಗಳೂರು ಐಎಸ್‌ಎಲ್ ಪ್ರಶಸ್ತಿ ಗೆದ್ದದ್ದು ನಿನಗೆ ಗೊತ್ತೇ ಇದೆ.

ದೇಶಕ್ಕಾಗಿ ಹೊಡೆದ ಗೋಲುಗಳ ಬಗ್ಗೆ ಒಂದು ಮಾತು. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಶುರುವಾದ ಲೆಕ್ಕ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ವಿದಾಯ ಹೇಳುವಾಗ 151 ಪಂದ್ಯಗಳಲ್ಲಿ 94 ಆಗಿತ್ತು. 2019ರ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ ಎರಡು ಹೊಡೆದಾಗ ‘ಮೆಸ್ಸಿಯನ್ನು ಹಿಂದಿಕ್ಕಿದ’ ಎಂದು ಪತ್ರಿಕೆಗಳು ಕುಣಿದವು. ನನಗೆ ಆ ಹೋಲಿಕೆ ಸೇರುವುದಿಲ್ಲ, ಅವನಿಗೂ ಸೇರುತ್ತಿರಲಿಲ್ಲ. ಆ ಗೋಲುಗಳಲ್ಲಿ ನೇಪಾಳ, ಮಾಲ್ದೀವ್ಸ್ ವಿರುದ್ಧದವು ಸಾಕಷ್ಟಿವೆ. ಆದರೆ 2008ರಲ್ಲಿ ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ತಜಿಕಿಸ್ತಾನದ ವಿರುದ್ಧ ಎಎಫ್‌ಸಿ ಚಾಲೆಂಜ್ ಕಪ್‌ನ ಫೈನಲ್‌ನಲ್ಲಿ ಹೊಡೆದ ಹ್ಯಾಟ್ರಿಕ್ ಇಲ್ಲದಿದ್ದರೆ ನಾವು 2011ರ ಏಷ್ಯಾ ಕಪ್‌ನ ಮುಖವನ್ನೇ ನೋಡುತ್ತಿರಲಿಲ್ಲ. ಅಲ್ಲಿ ಬಹರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧವೂ ಹೊಡೆದ. ನನ್ನ ತಕ್ಕಡಿಯಲ್ಲಿ ಆ ನಾಲ್ಕೈದು ಗೋಲುಗಳೇ ಹೆಚ್ಚು ತೂಗುತ್ತವೆ.

ವಿದಾಯ ಹೇಳಿದವನು 2025ರ ಮಾರ್ಚ್‌ನಲ್ಲಿ ಮತ್ತೆ ಬಂದು ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ಒಂದು ಹೊಡೆದ. ಕರೆದದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಕ್ಲಬ್‌ನಲ್ಲಿ ಅವನ ಆಟ ನೋಡಿದವರು ಕರೆಯದೇ ಇರುವುದಾದರೂ ಹೇಗೆ? ಆ ಋತುವಿನಲ್ಲಿ, ನಲವತ್ತು ತುಂಬಿದ ಮೇಲೆ, ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಹೊಡೆದಿದ್ದ. ಒಟ್ಟು ಹದಿನಾಲ್ಕು ಗೋಲು, ಭಾರತೀಯರಲ್ಲಿ ಅವನದೇ ಹೆಚ್ಚು. ಏಪ್ರಿಲ್‌ನ ಸೆಮಿಫೈನಲ್‌ನಲ್ಲಿ ಎಫ್‌ಸಿ ಗೋವಾ ನಮ್ಮ ಎರಡು ಗೋಲಿನ ಮುನ್ನಡೆಯನ್ನು ಅಳಿಸಿ ಹಾಕಿತ್ತು. ಹೆಚ್ಚುವರಿ ಅವಧಿ ಗ್ಯಾರಂಟಿ ಎಂದು ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ ಇಂಜುರಿ ಟೈಮ್‌ನಲ್ಲಿ ಆ ಗಿಡ್ಡ ಮನುಷ್ಯ ರಕ್ಷಕರ ನಡುವಿನಿಂದ ತಲೆ ಕೊಟ್ಟು ಗೋಲು ಹೊಡೆದ. ಫೈನಲ್ ಸೋತೆವು, ಅದೂ ಅವನನ್ನು ಮೊದಲು ಕರೆದ ಮೋಹನ್ ಬಾಗಾನ್‌ಗೆ.

ಅದೇ ವರ್ಷ ಜುಲೈನಲ್ಲಿ ಐಎಸ್‌ಎಲ್‌ನ ಮುಂದಿನ ಋತುವನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಅಂದರೆ ಹನ್ನೆರಡು ವರ್ಷ ನೆಲೆ ನಿಂತ ಜಾಗದಲ್ಲೂ ಗೋಡೆ ಅಲುಗಾಡಿತು, ಅವನಂತೂ ಕದಲಲಿಲ್ಲ. ನಿನ್ನ ತೀರ್ಪಿಗೆ ನನ್ನ ಆಕ್ಷೇಪ ಇದೇ.

ಹಾಗೆಂದು ಭಾರತ ಕಂಡ ಅತ್ಯಂತ ಚೆಂದದ ಸ್ಟ್ರೈಕರ್ ಯಾರು ಎಂದು ಕೇಳಿದರೆ ನಾನು ಚೆಟ್ರಿಯ ಹೆಸರು ಹೇಳುವುದಿಲ್ಲ, ಐ.ಎಂ. ವಿಜಯನ್ ಎನ್ನುತ್ತೇನೆ. ನೀನು ಬೈಚುಂಗ್ ಭುಟಿಯಾ ಪಕ್ಷ ಎಂದು ಗೊತ್ತು. ನಿನ್ನ ವಾದವನ್ನು ಬರೆದು ಕಳಿಸು, ಆದರೆ ಈ ಸಲ ವಿಕಿಪೀಡಿಯಾ ನೋಡದೆ.

ನಿನ್ನ,
ಶಶಿ