ಭಾನುವಾರ ಇಸಾಂಪುರಕ್ಕೆ ಬರುವವರು ಇದನ್ನು ಓದಿ

ಅಣ್ಣಾ, ಅಕ್ಕಾ, ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ ಸೇರೋಣ. ತಡ ಮಾಡಬೇಡಿ, ಬಿಸಿಲು ಗೊತ್ತಲ್ವಾ.

ನಾವು ನೋಡಲು ಹೊರಟಿರುವುದು ಗುಡಿಯಲ್ಲ, ಕೋಟೆಯೂ ಅಲ್ಲ. ಹುಣಸಗಿ ಕಡೆಯ ಒಂದು ಬಯಲು. ಸುಮ್ನೆ ನೋಡಿದರೆ ಬರೀ ಕಲ್ಲು ಅನಿಸುತ್ತದೆ, ಆದರೆ ಸುಮಾರು 12 ಲಕ್ಷ ವರ್ಷದ ಹಿಂದೆ ಆದಿಮಾನವರು ಅಲ್ಲೇ ಕೂತು, ಅಲ್ಲಿಯ ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡುತ್ತಿದ್ದರು! ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದು ಹೊರತೆಗೆದದ್ದು ಇದನ್ನೇ. ನನಗೆ ಜಾಸ್ತಿ ಇಷ್ಟವಾದದ್ದು ವಯಸ್ಸು ಹೇಗೆ ಗೊತ್ತಾಯಿತು ಅನ್ನೋದು. ಕಲ್ಲಿನಿಂದಲ್ಲ, ಅಲ್ಲೇ ಸಿಕ್ಕ ಸೊಪ್ಪುಸದೆ ತಿನ್ನುವ ಪ್ರಾಣಿಗಳ ಹಲ್ಲಿನಿಂದ. ಮಣ್ಣಿನಲ್ಲಿರುವ ವಿಕಿರಣ ಹಲ್ಲಿನ ಎನಾಮಲ್‌ನಲ್ಲಿ ವರ್ಷ ವರ್ಷ ಗುರುತು ಬಿಡುತ್ತಾ ಹೋಗುತ್ತದೆ, ಅದನ್ನು ಅಳೆಯುತ್ತಾರೆ.

ದಾರಿಯಲ್ಲಿ ನಾನು ಚಿಪ್ಪುಹಂದಿ ಬಗ್ಗೆ ಹೇಳುತ್ತೇನೆ (ಬೇಡ ಅಂದರೂ ಹೇಳುತ್ತೇನೆ). ಅದಕ್ಕೆ ಹಲ್ಲೇ ಇಲ್ಲ! ಮೈಮೇಲಿನ ಚಿಪ್ಪು ನಮ್ಮ ಉಗುರಿನಂಥದ್ದೇ ಕೆರಾಟಿನ್.

ಕಲ್ಲು ಎತ್ತಿಕೊಂಡು ಬರಬೇಡಿ, ಫೋಟೊ ಸಾಕು. ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು ತನ್ನಿ. ಬರುವವರು ಇಲ್ಲೇ ಹೆಸರು ಹಾಕಿ.