ಮೈಕ್ರೋಕಂಟ್ರೋಲರ್ ಆಯ್ಕೆಯೂ ಫೌಂಡ್ರಿಯ ಪ್ರಶ್ನೆಯೂ

ಮಾನ್ಯ ಸಂಪಾದಕರೇ,

ಚಿಪ್ ತಯಾರಿಕೆಯ ಚರ್ಚೆಗಳಲ್ಲಿ 3 ನ್ಯಾನೊಮೀಟರಿನಂಥ ಅತಿ ಸೂಕ್ಷ್ಮ ತಯಾರಿಕಾ ಪ್ರಕ್ರಿಯೆಯ ಮಾತೇ ಹೆಚ್ಚು ಕೇಳಿಬರುತ್ತದೆ. ಆದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಮೋಟಾರು ನಿಯಂತ್ರಕಗಳಲ್ಲಿ, ಮನೆಯ ವಿದ್ಯುತ್ ಮೀಟರುಗಳಲ್ಲಿ ಕೆಲಸ ಮಾಡುವ, ಒಂದೇ ಚಿಪ್ಪಿನಲ್ಲಿ ಅಡಗಿದ ಪುಟ್ಟ ಕಂಪ್ಯೂಟರುಗಳಾದ ಮೈಕ್ರೋಕಂಟ್ರೋಲರ್‌ಗಳಿಗೆ 40 ಅಥವಾ 90 ನ್ಯಾನೊಮೀಟರ್ ಧಾರಾಳವಾಗಿ ಸಾಕು.

2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ರಿಸ್ಕ್-ಫೈವ್ ಆದೇಶಗಣಕ್ಕೆ (ಪ್ರೊಸೆಸರ್ ಪಾಲಿಸುವ ಮೂಲ ಆದೇಶಗಳ ಪಟ್ಟಿಗೆ) ಪರವಾನಗಿ ಶುಲ್ಕವಿಲ್ಲ ಎಂಬುದು ನಿಜ. ಮದ್ರಾಸ್ ಐಐಟಿಯ 'ಶಕ್ತಿ' ಪ್ರೊಸೆಸರ್ ಅದರ ಮೇಲೆಯೇ ನಿಂತಿದೆ. ಆದರೂ ವಿನ್ಯಾಸದ ಪರಿಶೀಲನೆ, ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತರುವ ಕಂಪೈಲರ್, ತಪ್ಪು ಹುಡುಕುವ ಡೀಬಗ್ಗರ್‌ಗಳ ಖರ್ಚು ತಪ್ಪುವುದಿಲ್ಲ, ಪರವಾನಗಿ ಪಡೆದು ಬಳಸಬೇಕಾದ ಆರ್ಮ್ ಕಂಪನಿಯ ಕಾರ್ಟೆಕ್ಸ್-ಎಂ ಪ್ರೊಸೆಸರ್ ಇಂದಿಗೂ ಗಟ್ಟಿಯಾಗಿರುವುದು ಈ ಪರಿಕರಗಳ ಬಲದಿಂದಲೇ. 2021ರ ಚಿಪ್ ಕೊರತೆಯಲ್ಲಿ ನಮ್ಮ ಸಣ್ಣ ಘಟಕ ಬೇರೆ ಚಿಪ್ಪಿಗೆ ಬದಲಾಯಿಸಿದಾಗ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಮುಖ್ಯ ಭಾಗ ಬಹುಪಾಲು ಹಾಗೆಯೇ ಉಳಿಯಿತು; ಯಂತ್ರಾಂಶಕ್ಕೆ ನೇರವಾಗಿ ತಾಗುವ ಇಂಟರಪ್ಟ್ ಮತ್ತು ಡ್ರೈವರ್‌ಗಳನ್ನು ಮಾತ್ರ ಹೊಸದಾಗಿ ಬರೆಯಬೇಕಾಯಿತು.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ನಿಜವಾದ ಬಂಧನ ಇರುವುದು ಪ್ರೊಸೆಸರ್ ಆಯ್ಕೆಯಲ್ಲಲ್ಲ, ಫೌಂಡ್ರಿಯಲ್ಲಿ, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ. ಪ್ರೊಸೆಸರ್ ತರ್ಕವನ್ನು ಬೇರೊಂದು ಕಾರ್ಖಾನೆಗೆ ಒಯ್ಯಬಹುದು, ಆದರೆ ಅದೇ ಚಿಪ್ಪಿನೊಳಗಿನ ಫ್ಲ್ಯಾಶ್ ಸ್ಮೃತಿ ಮತ್ತು ಅನಲಾಗ್ ಭಾಗಗಳು ಆಯಾ ತಯಾರಿಕಾ ಪ್ರಕ್ರಿಯೆಗೆ ಅಂಟಿಕೊಂಡಿರುವುದರಿಂದ ಅವನ್ನು ಮತ್ತೆ ವಿನ್ಯಾಸಗೊಳಿಸಲೇಬೇಕು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಂದಿನಿಂದ ಬೆಂಗಳೂರಿಗೆ ವಿನ್ಯಾಸಕಾರರ ಕೊರತೆಯಿಲ್ಲ; ಬೇಕಿರುವುದು ತಯಾರಿಕೆಯ ಅವಕಾಶ. ಪಂಜಾಬಿನ ಮೊಹಾಲಿಯ 180 ನ್ಯಾನೊಮೀಟರ್ ಚಿಪ್ ಘಟಕವೂ ಗುಜರಾತಿನ ಧೊಲೇರಾದಲ್ಲಿ ಬರಲಿರುವ ಕಾರ್ಖಾನೆಯೂ ಚಿಪ್ ವಿನ್ಯಾಸಕ್ಕೆ ಬೇಕಾದ ನಿಯಮ, ಮಾದರಿಗಳಿರುವ ತಮ್ಮ ಪ್ರಕ್ರಿಯೆಯ ವಿನ್ಯಾಸ ಕಿಟ್‌ಗಳನ್ನು ಇಲ್ಲಿನ ಸಣ್ಣ ಸಂಸ್ಥೆಗಳಿಗೆ ಸುಲಭ ದರದಲ್ಲಿ ಒದಗಿಸಿ, ಒಂದೇ ವೇಫರಿನಲ್ಲಿ (ಚಿಪ್ಪುಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆಯಲ್ಲಿ) ಹಲವರ ವಿನ್ಯಾಸಗಳನ್ನು ಹಂಚಿಕೊಂಡು ತಯಾರಿಸುವ ಸರದಿಗಳನ್ನು ನಿಯತವಾಗಿ ನಡೆಸುವಂತೆ ಸರ್ಕಾರ ನೋಡಿಕೊಳ್ಳಬೇಕು.

– ಎಂಬೆಡೆಡ್ ಎಂಜಿನಿಯರ್, ಬೆಂಗಳೂರು